ಗಾಣಿಗರ ಓಣಿಯ ಸೋಮವಾರ

ಟಿಕ್ ಎಂದಿತು.

ಅಷ್ಟೇ. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟುವುದಕ್ಕಿಂತ ಸಣ್ಣ ಸದ್ದು. ಮನೆಯವರೆಲ್ಲ ಮಲಗಿ ಎಷ್ಟೋ ಹೊತ್ತಾಗಿತ್ತು, ನೀಲಾಂಬಿಕೆಗೆ ಮಾತ್ರ ನಿದ್ದೆ ಹತ್ತಿರಲಿಲ್ಲ. ಗ್ಯಾಸಿನ ಗುಂಡಿ ತಿರುಗಿಸಿದೆನೋ ಇಲ್ಲವೋ, ಹಿತ್ತಿಲ ಬಾಗಿಲಿನ ಅಗಳಿ ಸರಿಯಾಗಿ ಕೂತಿತೋ ಇಲ್ಲವೋ ಎಂದು ಎದ್ದೆದ್ದು ನೋಡುವ ಸ್ವಭಾವ ಅವಳದು. “ನಿನ್ನ ಕಿವಿಗೊಂದು ಕೀಲಿ ಹಾಕಬೇಕು ನೋಡು” ಎಂದು ಗಂಡ ವೀರೇಶ ನಗುತ್ತಿದ್ದ.

ಸದ್ದು ಬಂದದ್ದು ನಡುಮನೆಯಿಂದ, ಮಾವ ಕೊಟ್ರಬಸಪ್ಪನವರ ಮಂಚದ ಬದಿಗಿದ್ದ ಉಸಿರುಪೆಟ್ಟಿಗೆಯಿಂದ. ಅವಳು ಎದ್ದು ಹೋಗಿ ನೋಡಿದಳು. ಪೆಟ್ಟಿಗೆ ನಿಂತಿರಲಿಲ್ಲ. ಒಳಗಿನ ಪಂಪು ಎಂದಿನಂತೆ ಗುಂಯ್ ಎನ್ನುತ್ತಿತ್ತು, ಹಸಿರು ದೀಪ ಉರಿಯುತ್ತಿತ್ತು. ಇನ್ನೊಬ್ಬರಾಗಿದ್ದರೆ ತಿರುಗಿ ಬಂದು ಮಲಗುತ್ತಿದ್ದರು. ಅವಳು ಬಗ್ಗಿ ಮಾವನ ಮೂಗಿನ ಕೊಳವೆಯ ತುದಿಗೆ ಬೆರಳು ಹಿಡಿದಳು. ಗಾಳಿ ಬರುತ್ತಿರಲಿಲ್ಲ. ಮಾವನ ತುಟಿಗಳು ನೇರಳೆಹಣ್ಣು ತಿಂದವರ ತುಟಿಯಂತೆ ಕಾಣುತ್ತಿದ್ದವು.

ಯೋಚಿಸಲು ಹೊತ್ತಿರಲಿಲ್ಲ. ಪೆಟ್ಟಿಗೆಯ ಬೆನ್ನಿಗೆ ಕೈ ಹಾಕಿ, ಸ್ವಿಚ್ಚಿನ ಮೇಲೆ ತಾನೇ ಅಂಟಿಸಿದ್ದ ಟೇಪನ್ನು ಉಗುರಿನಿಂದ ಕಿತ್ತು, ಆರಿಸಿ, ಮತ್ತೆ ಹಚ್ಚಿದಳು. ಪೆಟ್ಟಿಗೆ ಒಮ್ಮೆ ಕೆಮ್ಮಿದಂತೆ ಮಾಡಿ ಎದ್ದಿತು. ಟಿಕ್. ಬೆರಳಿಗೆ ತಣ್ಣನೆಯ ಗಾಳಿ ತಾಗಿತು. ಮಾವ ಆಳವಾಗಿ ಉಸಿರೆಳೆದು, ಕಣ್ಣು ಬಿಡದೆಯೇ ಮಗ್ಗುಲಾದರು.

“ಏನಾತಬೇ?” ಅತ್ತೆ ಪಾರ್ವತೆಮ್ಮ ಚಾಪೆಯ ಮೇಲೆಯೇ ತಲೆ ಎತ್ತಿ ಕೇಳಿದರು.

“ಏನಿಲ್ರಿ ಅತ್ತೀ. ಕೊಳವಿ ಸರದಿತ್ತು. ಮಕ್ಕೊಳ್ರಿ.”

ಅತ್ತೆ ಮಲಗಿದರು. ಅವಳು ಬೆಳಗಾಗುವವರೆಗೂ ಅಲ್ಲೇ ಕೂತಳು.

ಕೆಂಗುಡ್ಡದಲ್ಲಿ ಅದಿರಿನ ಗಣಿಗಳು ಮತ್ತೆ ತೆರೆದ ಮೇಲೆ ಊರಿನ ಗಾಳಿ ಊರಿನವರಿಗೆ ಒಗ್ಗದಂತಾಗಿತ್ತು. ಒಗೆದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕಾವಿಯಾಗುತ್ತಿತ್ತು. ಎಳೆಯರು ಹೇಗೋ ತಡೆದುಕೊಂಡರು. ವಯಸ್ಸಾದವರ ಮತ್ತು ಗಣಿಯಲ್ಲಿ ದುಡಿದವರ ಪುಪ್ಪುಸಕ್ಕೆ ಮಾತ್ರ ಆ ಕೆಂಪು ಧೂಳು ಗಾರೆಯಂತೆ ಮೆತ್ತಿಕೊಂಡಿತು. ಅಂಥವರ ಮನೆಮನೆಗೂ ಗಣಿಯ ಕಂಪನಿಯೇ ಉಸಿರುಪೆಟ್ಟಿಗೆ ಕೊಟ್ಟಿತು. ಅದು ಹೊರಗಿನ ಗಾಳಿಯನ್ನು ಸೋಸಿ, ಆಮ್ಲಜನಕ ಬೆರೆಸಿ, ಕೊಳವೆಯಲ್ಲಿ ಬಿಡುತ್ತಿತ್ತು. ಎಷ್ಟು ಬೆರೆಸಬೇಕೆಂದು ತಾನೇ ತೀರ್ಮಾನಿಸುತ್ತಿರಲಿಲ್ಲ. ಗುಡ್ಡದ ಮೇಲೆ ಎಲ್ಲಿ ಸಿಡಿಮದ್ದು ಹಾರಿತು, ಯಾವ ಕೇರಿಯತ್ತ ಧೂಳು ಹೊರಟಿತು ಎಂಬುದನ್ನು ಕಂಟ್ರೋಲ್ ರೂಮು ಲೆಕ್ಕ ಹಾಕಿ ಪ್ರತಿ ಪೆಟ್ಟಿಗೆಗೂ ರೇಡಿಯೊದಲ್ಲಿ ಹೇಳುತ್ತಿತ್ತು. ಪೆಟ್ಟಿಗೆ “ಹೂಂ” ಎಂದು ಉತ್ತರ ಕೊಡುತ್ತಿತ್ತು. ನೀಲಾಂಬಿಕೆ ಆ ಕಂಟ್ರೋಲ್ ರೂಮಿನಲ್ಲಿ ಎಂಜಿನಿಯರ್.

ಅವಳು ಸೊಸೆಯಾಗಿ ಬಂದ ಮನೆ ಗುಡ್ಡದ ಬುಡಕ್ಕೇ ಅಂಟಿಕೊಂಡ ಗಾಣಿಗರ ಓಣಿಯಲ್ಲಿತ್ತು. ಎಣ್ಣೆಯ ಗಾಣಗಳು ಹೋಗಿ ಎರಡು ತಲೆಮಾರಾಗಿತ್ತು. ಕೆಲವರ ಬಾಗಿಲ ಮುಂದೆ ಗಾಣದ ಒರಳುಕಲ್ಲು ಮಾತ್ರ ಉಳಿದಿತ್ತು, ಮುದುಕರು ಅದರ ಮೇಲೆ ಕೂತು ಹರಟುತ್ತಿದ್ದರು. ಹಗಲಿರುಳೂ ಗುಂಯ್ ಎನ್ನುತ್ತ ದುಡಿಯುವ ಪೆಟ್ಟಿಗೆಗೆ ಓಣಿಯ ಹೆಂಗಸರು ಇಟ್ಟ ಹೆಸರು ‘ಎತ್ತು’. ಹೆಸರಿಟ್ಟ ಮೇಲೆ ಎತ್ತಿನ ಕಟ್ಟಳೆಯನ್ನೂ ಅದಕ್ಕೆ ಹಚ್ಚಿದರು. ಸೋಮವಾರ ಬಸವಣ್ಣನ ವಾರ. ಆ ದಿನ ಗಾಣಕ್ಕೆ ಎತ್ತು ಕಟ್ಟುತ್ತಿರಲಿಲ್ಲ. ಹಾಗೆಂದು ಪೆಟ್ಟಿಗೆಯನ್ನು ದಿನವೆಲ್ಲ ಆರಿಸಿಡಲು ಆದೀತೇ? ಸೋಮವಾರ ಮೈ ತೊಳೆದು ಮಡಿಯಾದ ಮೇಲೆ ಪೆಟ್ಟಿಗೆಯನ್ನು ಆರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ವಿಭೂತಿ ಹಚ್ಚಿ, ಒಂದು ಊದುಬತ್ತಿ ಬೆಳಗಿ, ಮತ್ತೆ ಹಚ್ಚುವರು. ಅಷ್ಟು ಹೊತ್ತು ಬೇನೆಯವರು ಕಿಟಕಿ ಮುಚ್ಚಿದ ಕೋಣೆಯಲ್ಲಿ ದಮ್ಮು ಹಿಡಿದು ಕೂತಿರುವರು. ಇದನ್ನು ಮೊದಲು ಮಾಡಿದವರು ಪಾರ್ವತೆಮ್ಮ.

ಕೆಲಸಕ್ಕೆ ಹೋಗುವ ಸೊಸೆಗೆ ಇದು ತಿಳಿದದ್ದು ಎರಡು ತಿಂಗಳ ಹಿಂದೆ, ಜ್ವರವೆಂದು ಒಂದು ಸೋಮವಾರ ಮನೆಯಲ್ಲಿ ಉಳಿದಾಗ. ಅತ್ತೆ ಸ್ವಿಚ್ಚಿಗೆ ಕೈ ಹಾಕಿದ್ದನ್ನು ಕಂಡು ಅವಳು ಹಾಸಿಗೆಯಿಂದ ಎದ್ದು ಓಡಿಬಂದಿದ್ದಳು. ‘ಯಾವ ಕಾರಣಕ್ಕೂ ಆರಿಸಬಾರದು’ ಎಂದು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿತ್ತು. ಅವಳು ಜಗಳವಾಡಲಿಲ್ಲ, ಅವಳಿಗೆ ಜಗಳ ಬಾರದು. ಆಮ್ಲಜನಕವೆಂದರೇನು, ಮೆದುಳಿಗೆ ಅದು ಒಂದು ಗಳಿಗೆ ಸಿಗದಿದ್ದರೆ ಏನಾಗುತ್ತದೆ ಎಂದು ತೂಗಿ ತೂಗಿ ಹೇಳಿದಳು. ಸ್ವಿಚ್ಚಿಗೆ ಟೇಪು ಹಚ್ಚಿದಳು. ಅಷ್ಟಕ್ಕೂ ಸಮಾಧಾನವಾಗದೆ ಟೇಪಿನ ಸುರುಳಿ ಹಿಡಿದು ಓಣಿಯ ಪೆಟ್ಟಿಗೆ ಇರುವ ಮನೆಗಳಿಗೆಲ್ಲ ಹೋಗಿ ಬಂದಳು.

ಮೂರು ಮನೆಯಾಚೆಯ ಅಂದಾನಪ್ಪ ಅದಿರು ಲಾರಿಯ ಡ್ರೈವರಾಗಿದ್ದವನು. ಇನ್ನೂ ಐವತ್ತು ದಾಟಿರಲಿಲ್ಲ, ಆಗಲೇ ಮಂಚ ಹಿಡಿದಿದ್ದ. ಮಾತು ಮಾತ್ರ ಮಂಚ ಹಿಡಿದಿರಲಿಲ್ಲ.

“ಏನು ಮೇಡಮ್ಮಾರ, ನಮ್ಮೆತ್ತಿನ ಸೋಮವಾರದ ಸೂಟಿ ಬಂದ್ ಮಾಡಾಕ ಬಂದೀರೇನು?”

“ಹೌದಣ್ಣ. ನೀನು ಬದುಕಬೇಕಲ್ಲ.”

“ಅದರೊಳಗ ರೇಡಿಯೊ ನಡಸಾಕ ಒಬ್ಬ ಡ್ರೈವರ್ ಅದಾನಂತ, ಖರೇನ?”

“ಅದು ಮನಷಾ ಅಲ್ಲಣ್ಣ. ಒಂದು ಸಣ್ಣ ಪ್ರೋಗ್ರಾಮು. ಅದಕ್ಕ ಹಂಗಂತಾರ.”

“ಏನಾರ ಇರಲಿ. ಡ್ರೈವರ್ ಅಂದಮ್ಯಾಗ ಅವಗೂ ವಾರಕ್ಕೊಂದು ಚಾ ಕುಡ್ಯಾಕ ಬಿಡಬೇಕವಾ. ನಾನು ಬಿಡದs ಹೊಡದು ಹಿಂಗಾದೆ.”

ಅವನ ಹೆಂಡತಿ ಈರಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡು, “ಇವನ ಮಾತು ಬಿಡಬೇ ನೀಲಾ. ನೀ ಕಲತಾಕಿ. ನೀ ಹೇಳಿದಮ್ಯಾಗ ಮುಗೀತು. ನಾ ಅದರ ಸ್ವಿಚ್ ಮುಟ್ಟಂಗಿಲ್ಲ” ಎಂದಿದ್ದಳು.

ಟಿಕ್ ಎಂದ ಆ ರಾತ್ರಿ ಕಳೆದು ಬೆಳಿಗ್ಗೆ ಕೆಲಸಕ್ಕೆ ಬಂದವಳೇ ನೀಲಾಂಬಿಕೆ ಮಾವನ ಪೆಟ್ಟಿಗೆಯ ಕೋಡ್ ತೆರೆದಳು. ಕಂಟ್ರೋಲ್ ರೂಮಿನ ಹಿರಿಯ ಇಮ್ತಿಯಾಜ್ ಸಾಹೇಬರು ಚಹಾ ತಂದು ಅವಳ ಬದಿಗಿಟ್ಟರು.

“ಪವರ್ ಏರುಪೇರು ಅಂತ ಬರದು ಬಿಡ್ರಿ ಮೇಡಂ. ಮ್ಯಾಲಿನವರು ಎಲ್ಲದಕ್ಕೂ ಅದನ್ನs ಬರಸ್ತಾರ.”

“ಪವರ್ ಇತ್ತು ಸರ್. ಪಂಪು ತಿರುಗ್ತಿತ್ತು. ಗಾಳಿ ಇರಲಿಲ್ಲ.”

ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. ಊರಿನ ಬೇರೆ ಕೇರಿಗಳಲ್ಲಿ ಈ ಎರಡು ವರ್ಷದಲ್ಲಿ ಹೀಗೆ ಸತ್ತವರಿದ್ದರು. ಬೆಳಿಗ್ಗೆ ನೋಡಿದರೆ ಮನುಷ್ಯ ತಣ್ಣಗಾಗಿರುತ್ತಿದ್ದ, ಪೆಟ್ಟಿಗೆ ಗುಂಯ್ ಎನ್ನುತ್ತಿರುತ್ತಿತ್ತು. ಪೆಟ್ಟಿಗೆ ಸರಿಯೇ ಇದೆಯಲ್ಲ, ವಯಸ್ಸಾಗಿತ್ತು ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ಟಿಕ್ ಎಂಬ ಸದ್ದನ್ನು ಎಚ್ಚರವಿದ್ದು ಕೇಳಿದವರು ಯಾರೂ ಇರಲಿಲ್ಲ.

ತಪ್ಪು ಸಿಕ್ಕಿದ್ದು ಸಂಜೆಗೆ, ರೇಡಿಯೊ ನಡೆಸುವ ಡ್ರೈವರಿನಲ್ಲಿ, ಅದೂ ಯಾರೂ ಎರಡನೇ ಸಲ ಓದದ ಮೂಲೆಯಲ್ಲಿ. ಎಲ್ಲ ಸರಿಯಾಗಿ ನಡೆದರೆ ಏನು ಮಾಡಬೇಕೆಂಬುದನ್ನು ಬರೆದವರು ಚೆನ್ನಾಗಿಯೇ ಬರೆದಿದ್ದರು. ಸರಿಯಾಗಿ ನಡೆಯದಿದ್ದರೆ ಏನು ಎಂಬಲ್ಲಿ ಕೈ ಜಾರಿತ್ತು.

ಮದುವೆ ಮನೆಯ ಉಗ್ರಾಣವನ್ನು ನೆನೆದರೆ ಅದು ಬೇಗ ತಿಳಿಯುತ್ತದೆ. ಬಡಿಸುವವನು ಉಗ್ರಾಣದಿಂದ ಒಂದು ಪಾತ್ರೆ ಇಸಿದುಕೊಂಡು ಪಂಕ್ತಿಗೆ ಹೋಗುತ್ತಾನೆ. ಬಡಿಸಿ ಬಂದು ಪಾತ್ರೆ ಒಪ್ಪಿಸುತ್ತಾನೆ. ಪಂಕ್ತಿ ಎದ್ದುಹೋಗಿದ್ದರೂ ಒಪ್ಪಿಸಬೇಕು. ಈ ಡ್ರೈವರು ಹಾಗೆ ಮಾಡುತ್ತಿರಲಿಲ್ಲ. ಕಳಿಸುವ ಪ್ರತಿ ಮಾತಿಗೂ ಪೆಟ್ಟಿಗೆಯ ಮೆಮೊರಿಯಲ್ಲಿ ಒಂದಿಷ್ಟು ಜಾಗ ಇಸಿದುಕೊಳ್ಳುತ್ತಿತ್ತು. ಮಾತು ಮುಟ್ಟಿದರೆ ಜಾಗ ಬಿಟ್ಟುಕೊಡುತ್ತಿತ್ತು. ನಡುವೆ ಸಿಗ್ನಲ್ ಕಡಿದರೆ, ‘ಆಗಲಿಲ್ಲ’ ಎಂದಷ್ಟೇ ಹೇಳಿ ಬರಿಗೈಲಿ ಹಿಂದಕ್ಕೆ ಬರುತ್ತಿತ್ತು. ಪಾತ್ರೆ ದಾರಿಯಲ್ಲೇ ಉಳಿಯುತ್ತಿತ್ತು. ಒಂದೊಂದೇ ಪಾತ್ರೆ ಹೋಗಿ ಹೋಗಿ, ಒಂದು ದಿನ ಉಗ್ರಾಣ ಬರಿದಾಗುತ್ತಿತ್ತು. ಆಗ ಕಂಟ್ರೋಲ್ ರೂಮಿನ ಮಾತು ಕೇಳಿಸಿಕೊಳ್ಳಲೂ ಜಾಗವಿಲ್ಲ. ಮಾತು ಬಾರದಿದ್ದರೆ ಆಮ್ಲಜನಕ ಹೆಚ್ಚಾಗಿ ಬೆಂಕಿ ಹತ್ತೀತೆಂಬ ಮುಂಜಾಗ್ರತೆಗೆ ಪೆಟ್ಟಿಗೆ ವಾಲ್ವ್ ಮುಚ್ಚಿಬಿಡುತ್ತಿತ್ತು. ಅದೇ ಆ ಟಿಕ್. ಆಗ ಕೂಗಬೇಕಾದ ಗಂಟೆ? ಗಂಟೆ ಹೊಡೆಯುವುದಕ್ಕೂ ಒಂದು ಪಾತ್ರೆ ಬೇಕಿತ್ತು.

“ಎಷ್ಟು ಸಾಲು ತಿದ್ದಬೇಕು?” ಸಾಹೇಬರು ಕೇಳಿದರು.

“ಎರಡು.”

ಅವರು ಬಹಳ ಹೊತ್ತು ತೆರೆಯನ್ನೇ ನೋಡಿ, “ಎರಡು ಸಾಲು” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಆರಿದ ಚಹಾ ಕುಡಿದರು.

ತಿದ್ದಿದ್ದನ್ನು ಪರೀಕ್ಷಿಸಿ, ಮೇಲಿನವರ ಒಪ್ಪಿಗೆ ಬರುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಯಿತು. ಒಪ್ಪಿಗೆಯ ಜೊತೆ ಒಂದು ತಾಕೀತೂ ಬಂತು. ಜನರಿಗೆ ಯಾವ ಹೊಸ ಸೂಚನೆಯನ್ನೂ ಕೊಡಕೂಡದು, ತಿದ್ದುಪಡಿ ತಾನಾಗಿ ಹೋಗಲಿ. ಸಾಹೇಬರು ಗುಂಡಿ ಒತ್ತಿದರು. ಗೋಡೆಯ ಮೇಲಿನ ನಕಾಶೆಯಲ್ಲಿ ತಿದ್ದುಪಡಿ ಮುಟ್ಟಿದ ಮನೆಗಳು ಒಂದೊಂದಾಗಿ ಹಸಿರಾದವು. ಪೇಟೆಬೀದಿ ಹಸಿರಾಯಿತು, ಹೊಸ ಬಡಾವಣೆ ಹಸಿರಾಯಿತು. ಗುಡ್ಡದ ಬುಡದಲ್ಲಿ ಗಾಣಿಗರ ಓಣಿಯ ಗೆರೆ ಮಾತ್ರ ಬೂದುಬಣ್ಣದಲ್ಲೇ ಉಳಿಯಿತು.

“ಅಲ್ಲಿ ಸಿಗ್ನಲ್ ನಿಲ್ಲಂಗಿಲ್ಲ,” ಸಾಹೇಬರು ಹೇಳಿದರು. “ಗುಡ್ಡ ಅಡ್ಡ, ಮ್ಯಾಲೆ ಧೂಳು. ತಿದ್ದುಪಡಿ ಅರ್ಧಕ್ಕs ಕಡಿತದ.”

ಸಿಗ್ನಲ್ ಕಡಿಯುವ ಕಡೆಯೇ ಪಾತ್ರೆಗಳು ಹೆಚ್ಚು ಕಳೆಯುವುದು. ಔಷಧ ಯಾರಿಗೆ ಬೇಕೋ ಅವರಿಗೇ ಮುಟ್ಟುವುದಿಲ್ಲ. ಅವಳು ಅದನ್ನು ಬಾಯಿಬಿಟ್ಟು ಹೇಳುವ ಮೊದಲೇ ಸಾಹೇಬರು ತಲೆ ಕೆರೆದುಕೊಂಡರು.

“ಒಂದು ತಿಳಿವಲ್ದು ಮೇಡಂ. ಇಷ್ಟು ಕೆಟ್ಟ ಸಿಗ್ನಲ್ಲಿಗೆ ನಿಮ್ಮ ಓಣಿಯ ಪೆಟ್ಟಿಗಿ ಎಲ್ಲಾಕಿಂತ ಮೊದಲು ನಿಲ್ಲಬೇಕಿತ್ತು. ಎರಡು ವರ್ಷದಾಗ ಒಂದೂ ನಿಂತಿಲ್ಲ. ಮೊನ್ನೆ ನಿಮ್ಮ ಮಾವಂದs ಮೊದಲು. ಯಾರು ಕಾಯ್ದರು ಇವನ್ನ?”

ನೀಲಾಂಬಿಕೆಗೆ ಸೋಮವಾರ ನೆನಪಾಯಿತು. ಆರಿಸಿ ಹಚ್ಚಿದರೆ ಉಗ್ರಾಣದ ಪಾತ್ರೆಗಳೆಲ್ಲ ಉಗ್ರಾಣಕ್ಕೆ ಬರುತ್ತವೆ. ಪ್ರತಿ ಸೋಮವಾರ ಬಂದಿದ್ದವು. ಅತ್ತೆಗೆ ಮೆಮೊರಿಯೂ ಗೊತ್ತಿರಲಿಲ್ಲ, ಡ್ರೈವರೂ ಗೊತ್ತಿರಲಿಲ್ಲ. ದುಡಿಯುವ ಪ್ರಾಣಿಗೆ ವಾರಕ್ಕೊಮ್ಮೆ ಬಿಡುವು ಕೊಡಬೇಕೆಂಬುದಷ್ಟೇ ಗೊತ್ತಿತ್ತು. ಅದು ಕುರುಡುಗುರಿ, ಆದರೂ ತಾಗಿತ್ತು. ಟೇಪಿನ ಸುರುಳಿ ಹಿಡಿದು ಮನೆಮನೆಗೆ ಹೋಗಿ ಅದನ್ನು ತಪ್ಪಿಸಿದವಳು ತಾನು.

“ಗೊತ್ತಿಲ್ಲ ಸರ್,” ಎಂದಳು.

ಹೊರಗೆ ಬಂದು, ಮೆಟ್ಟಿಲ ಕೆಳಗೆ ನಿಂತು, ಮನೆಗೆ ಫೋನ್ ಮಾಡಿದಳು. ಹೇಳಬೇಕಾದ ಮಾತನ್ನು ಮೂರು ಸಲ ಮನಸ್ಸಿನಲ್ಲಿ ಕಟ್ಟಿ ಬಿಚ್ಚಿದ್ದಳು.

“ಅತ್ತೀ, ಮಾವನ ಪೆಟ್ಟಿಗಿ ಒಂದ್ಸಲ ಆರಿಸಿ ಹಚ್ಚರಿ.”

“ಯಾಕಬೇ? ಇವತ್ತು ಗುರುವಾರ.”

“ಇರಲಿ ಬಿಡ್ರಿ. ಆಮ್ಯಾಲೆ ಓಣಿಯಾಗ ಎಲ್ಲಾರ ಮನಿಗೂ ಹೋಗಿ, ಸೋಮವಾರದ್ದು ಮತ್ತ ಚಾಲೂ ಮಾಡೂಣು, ಇವತ್ತs ಒಂದ್ಸಲ ಮಾಡ್ರಿ ಅಂತ ಹೇಳ್ರಿ. ಈಗs ಹೋಗ್ರಿ.”

“ನೀನs ಬ್ಯಾಡ ಅಂದಿದ್ದಿ.”

“ಹೌದ್ರಿ. ನಾ ಹೇಳಿದೆ ಅನಬ್ಯಾಡ್ರಿ. ನೀವs ಹೇಳಿದಂಗ ಹೇಳ್ರಿ.”

“ನೀ ಹೇಳಿದ್ರ ಲಗೂನ ಕೇಳ್ತಾರ. ನಾ ಹಳೀ ಮುದುಕಿ.”

“ಕಂಪನಿಯವರು ಬ್ಯಾಡಂದಾರ್ರಿ ಅತ್ತೀ. ದಯಮಾಡಿ ಹೋಗ್ರಿ.”

ಕಂಪನಿಯವರು ಬೇಡವೆಂದದ್ದು ನಿಜ. ಅದೊಂದೇ ಕಾರಣವಲ್ಲ ಎಂಬುದು ಅವಳಿಗೂ ಗೊತ್ತಿತ್ತು. ತಾನೇ ಹೇಳಿದರೆ, ಅಂದು ಯಾಕೆ ಬೇಡ ಅಂದಿ, ಇಂದು ಯಾಕೆ ಬೇಕು ಅಂತಿ ಎಂದು ಓಣಿಯೆಲ್ಲ ಕೇಳುತ್ತದೆ. ಫೋನು ಕೈಯಲ್ಲೇ ಇತ್ತು. ಅದರಲ್ಲಿ ಓಣಿಯ ಎಲ್ಲರ ನಂಬರೂ ಇದ್ದವು. ಅವಳು ಅದನ್ನು ಚೀಲಕ್ಕೆ ಹಾಕಿ, ಒಳಗೆ ಹೋಗಿ, ತಿದ್ದುಪಡಿಯನ್ನು ಕೇಬಲ್ಲಿನಿಂದ ಹಾಕುವ ಕೈಪೆಟ್ಟಿಗೆಯೊಂದನ್ನು ಸಿದ್ಧಮಾಡತೊಡಗಿದಳು. ನಾಳೆ ಬೆಳಿಗ್ಗೆ ತಾನೇ ಮನೆಮನೆಗೆ ಒಯ್ದು ಹಾಕಿದರಾಯಿತು. ಅಷ್ಟರವರೆಗೆ ಅತ್ತೆಯ ವಿಭೂತಿ ಕಾಯಲಿ.

ಸಂಜೆ ಓಣಿಗೆ ತಿರುಗಿದಾಗ ಅಂದಾನಪ್ಪನ ಬಾಗಿಲ ಮುಂದೆ ಚಪ್ಪಲಿಗಳು ಬಿದ್ದಿದ್ದವು. ಗಾಣದ ಒರಳುಕಲ್ಲಿನ ಮೇಲೆ ಕೂತಿದ್ದ ವೀರೇಶ ಎದ್ದು ಬಂದು ಅವಳ ಚೀಲ ಇಸಿದುಕೊಂಡ.

“ಮಧ್ಯಾಹ್ನ ಉಂಡು ಮಲಗಿದ್ದನಂತ. ಚಾ ಕೊಡಾಕ ಎಬ್ಬಿಸಿದ್ರ ಏಳಲಿಲ್ಲ.”

ಅತ್ತೆ ಮನೆಯ ಹೊಸ್ತಿಲಲ್ಲಿ ಕೂತಿದ್ದರು. ಅಂಗೈಯಲ್ಲಿ ವಿಭೂತಿಯ ಗಟ್ಟಿ ಹಾಗೇ ಇತ್ತು.

“ಎಲ್ಲಾರ ಮನಿಗೂ ಹೋದೆ,” ಎಂದರು ತಗ್ಗಿದ ದನಿಯಲ್ಲಿ. “ಎಲ್ಲಾರೂ ಮಾಡಿದ್ರು. ಈರಿ ಒಬ್ಬಾಕಿ ಮಾಡಲಿಲ್ಲ. ನಿಮ್ಮ ಸೊಸಿ ಬ್ಯಾಡ ಅಂದಾಳ, ಆಕಿನs ಬಂದು ಹೇಳಲಿ ಅಂದ್ಲು. ನಾನೂ ಜೋರು ಮಾಡಲಿಲ್ಲ.” ವಿಭೂತಿಯ ಗಟ್ಟಿಯನ್ನು ತಿರುವುತ್ತ ಕೇಳಿದರು: “ಆರಿಸಿದ್ರ ಉಳೀತಿದ್ನೇನಬೇ?”

“ಗೊತ್ತಿಲ್ರಿ ಅತ್ತೀ.”

ಅತ್ತೆ ಅವಳ ಮುಖವನ್ನೇ ನೋಡಿದರು. ಆಮೇಲೆ ವಿಭೂತಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ಹೋದರು.

ಮರುದಿನ ಅಂದಾನಪ್ಪನ ಮಣ್ಣಾಯಿತು. ಅದರ ಮರುದಿನ ನೀಲಾಂಬಿಕೆ ಕೈಪೆಟ್ಟಿಗೆ ಹಿಡಿದು ಓಣಿಯ ಮನೆಗಳಿಗೆಲ್ಲ ಹೋಗಿ, ಒಂದೊಂದು ಪೆಟ್ಟಿಗೆಗೂ ಕೇಬಲ್ ಸಿಕ್ಕಿಸಿ ತಿದ್ದುಪಡಿ ಹಾಕಿದಳು. ಇನ್ನು ಅವಕ್ಕೆ ಸೋಮವಾರದ ಹಂಗಿರಲಿಲ್ಲ. ಆದರೆ ಹಾಗೆಂದು ಅವಳು ಯಾರಿಗೂ ಹೇಳಲಿಲ್ಲ. “ಆರಿಸ್ಬೇಕೋ ಬ್ಯಾಡೋ ಒಂದು ಹೇಳು ಮಾರಾಯ್ತಿ” ಎಂದು ಒಬ್ಬ ಮುದುಕ ಗೊಣಗಿದ. “ಅತ್ತಿ ಹೇಳಿದಂಗ ಮಾಡ್ರಿ” ಎಂದು ಮುಂದಿನ ಮನೆಗೆ ಹೋದಳು.

ಕಡೆಗೆ ಈರಮ್ಮನ ಮನೆ. ಸತ್ತವರ ಪೆಟ್ಟಿಗೆಯನ್ನು ತೆರೆದು ನೋಡಿ, ಒಳಗಿದ್ದುದನ್ನು ಬರೆದುಕೊಂಡು ವಾಪಸು ತರುವುದು ಅವಳದೇ ಕೆಲಸ. ಇದುವರೆಗೆ ತಂದವೆಲ್ಲ ಮನೆಯವರು ಆರಿಸಿಟ್ಟವು, ಆರಿಸಿದರೆ ಒಳಗಿದ್ದುದು ಅಳಿಸಿಹೋಗುತ್ತದೆ. ಬಾಗಿಲಲ್ಲೇ ಅವಳಿಗೆ ಆ ಸದ್ದು ಕೇಳಿಸಿತು. ಗುಂಯ್. ಬರಿದಾದ ಮಂಚದ ಪಕ್ಕದಲ್ಲಿ ಹಸಿರು ದೀಪ ಉರಿಯುತ್ತಿತ್ತು. ಸ್ವಿಚ್ಚಿನ ಮೇಲೆ ಅವಳು ಹಚ್ಚಿದ ಟೇಪು ಅಂಚು ಕೂಡ ಏಳದೆ ಅಂಟಿಕೊಂಡಿತ್ತು.

“ಇನ್ನs ಆರಿಸಿಲ್ಲಬೇ,” ಈರಮ್ಮ ಗೋಡೆಗೆ ಒರಗಿದಲ್ಲಿಂದಲೇ ಹೇಳಿದಳು. “ನೀ ಬರ್ಲಿ ಅಂತ ಬಿಟ್ಟೀನಿ. ಕೆಲವರು ಆರಿಸು ಅಂದ್ರು. ನಾ ಕೈ ಹಚ್ಚಲಿಲ್ಲ.”

ನೀಲಾಂಬಿಕೆ ಅವಳ ಎದುರು ಕುಕ್ಕರಗಾಲಲ್ಲಿ ಕೂತಳು.

“ಅವತ್ತು ನಿಮ್ಮತ್ತಿ ಬಂದಿದ್ಲು. ಆರಿಸಿ ಹಚ್ಚು ಅಂತ ಭಾಳ ಹೇಳಿದ್ಲು, ಪಾಪ. ಒಂದು ಗಳಿಗಿ ಕೈ ಮುಂದಾತು. ಆಮ್ಯಾಲೆ ನಿನ್ನ ಮಾತು ನೆನಪಾತು. ಇಲ್ಲಬೇ ಅಂದೆ.” ಅವಳು ಮೂಗೊರೆಸಿಕೊಂಡಳು. “ಅದೊಂದs ನೋಡು ನನಗ ಧೈರ್ಯ. ಅವತ್ತು ಆರಿಸಿದ್ದೆ ಅಂದ್ರ, ನಾನs ಕೊಂದೆ ಅಂತ ಸಾಯತನಕ ಕೊರಗ್ತಿದ್ದೆ. ನಿನ್ನಿಂದ ನಾ ಅದರಾಗಿಂದ ಪಾರಾದೆ.”

ಆರಿಸಿದ್ದರೆ ಅವನು ಉಳಿಯುತ್ತಿದ್ದ ಎಂಬ ಎರಡು ಸಾಲಿನ ಮಾತು. ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡಿದರೆ ತನ್ನ ಎದೆಯ ಕಲ್ಲು ಇಳಿಯುತ್ತದೆ. ಇಳಿದು ಎಲ್ಲಿ ಕೂರುತ್ತದೆ ಎಂಬುದು ಅವಳ ಕಣ್ಣೆದುರಿಗೇ ಇತ್ತು. ಮುಂದಾಗಿ ಹಿಂದೆ ಸರಿದ ಈರಮ್ಮನ ಆ ಕೈ ಈಗ ಮಡಿಲಲ್ಲಿ ಅಂಗಾತ ಬಿದ್ದಿತ್ತು. ಹೇಳದಿರುವುದು ಕರುಣೆಯೇ ಎಂದು ಕೇಳಿಕೊಂಡಳು. ಹೇಳಿದರೆ ಈ ಓಣಿಯಲ್ಲಿ ತಲೆಯೆತ್ತಿ ನಡೆಯಲಾರೆನೆಂಬ ಹೆದರಿಕೆಯೇ ಎಂದೂ ಕೇಳಿಕೊಂಡಳು. ಎರಡೂ ಇದ್ದವು. ಯಾವುದು ಎಷ್ಟೆಂದು ಬೇರೆ ಮಾಡಲು ಆಗಲಿಲ್ಲ.

“ಆರಿಸ್ಲೇನು?” ಎಂದಳು.

“ಆರಿಸವಾ. ಇನ್ನ ಅದಕ್ಕ ಪೂರಾ ಸೂಟಿ.”

ಒಳಗಿದ್ದುದೆಲ್ಲ ಇನ್ನೂ ಒಳಗೇ ಇತ್ತು. ಮುಟ್ಟದೆ ಹಿಂದಿರುಗಿದ ಒಂದೊಂದು ಮಾತಿನ ಜಾಗವೂ ಬಿಡುಗಡೆಯಾಗದೆ, ಉಗ್ರಾಣ ಬರಿದಾದದ್ದಕ್ಕೆ ಸಾಕ್ಷಿಯಾಗಿ ಕೂತಿತ್ತು. ಕೇಬಲ್ ಸಿಕ್ಕಿಸಿದರೆ ಓದಬಹುದಿತ್ತು. ಕೇಬಲ್ ಅವಳ ಚೀಲದಲ್ಲೇ ಇತ್ತು. ಅವಳು ಅದನ್ನು ತೆಗೆಯಲಿಲ್ಲ. ಟೇಪನ್ನು ಉಗುರಿನಿಂದ ಎಬ್ಬಿಸಿ, ನಿಧಾನವಾಗಿ ಸುಲಿದು, ಸ್ವಿಚ್ಚು ಒತ್ತಿದಳು. ಗುಂಯ್ ಎಂಬುದು ಇಳಿದು ಇಳಿದು ನಿಂತಿತು. ಹಸಿರು ದೀಪ ಆರಿತು.

ಅಷ್ಟು ಸುಮ್ಮನಾದ ಮನೆಯನ್ನು ಈರಮ್ಮ ಎರಡು ತಿಂಗಳಿಂದ ಕಂಡಿರಲಿಲ್ಲ. ಅವಳು ಆಗ ಅಳತೊಡಗಿದಳು.

ಬೆರಳಿಗೆ ಅಂಟಿದ ಟೇಪಿನ ಚೂರನ್ನು ನೀಲಾಂಬಿಕೆ ಉಂಡೆ ಮಾಡಿ ಮುಷ್ಟಿಯಲ್ಲಿ ಹಿಡಿದಳು. ಇಮ್ತಿಯಾಜ್ ಸಾಹೇಬರು ಮತ್ತೊಮ್ಮೆ ಕೇಳಿದರೆ, ಗೊತ್ತಿಲ್ಲ. ಅತ್ತೆ ಮುಖ ನೋಡಿದರೆ, ಗೊತ್ತಿಲ್ಲ. ವೀರೇಶ ರಾತ್ರಿ ಎದ್ದು ಯಾಕೆ ಕೂತಿ ಎಂದರೆ, ಅಗಳಿ ನೋಡಲು ಎದ್ದೆ ಎನ್ನುವುದು. ಯಾರಿಗೂ ಹೇಳುವುದಿಲ್ಲ ಎಂದು ಅವಳು ಆ ಗಳಿಗೆಯಲ್ಲೇ ನಿಶ್ಚಯಿಸಿದಳು. ಆಮೇಲೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಕಂಕುಳಿಗೆ ಇಟ್ಟುಕೊಂಡು, ಈರಮ್ಮನ ಬೆನ್ನ ಮೇಲೆ ಒಂದು ಕೈಯಾಡಿಸಿ, ಓಣಿಗೆ ಇಳಿದಳು.